ಭಾನುವಾರ ಕರಗಿದ ಸೋಪು

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಅಮೃತಾ, ಒಂಬತ್ತು ವರ್ಷ. ಚಿಕ್ಕವಳು ಸುಧಾ, ಆರು ವರ್ಷ. ಹೆಸರಿಟ್ಟದ್ದು ಇವರ ಅಪ್ಪ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಸಂಜೆ ಬರುವವರಿಗೆ ಇಂಥ ಸಿಹಿ ಹೆಸರುಗಳು ಹೊಳೆಯುತ್ತವೆ. ಇಡೀ ದಿನ ಇವರ ಹಿಂದೆ ಓಡುವವಳು ನಾನು, ಪವಿತ್ರಾ. ನನ್ನನ್ನು ಕೇಳಿದ್ದರೆ ಬೇರೆ ಹೆಸರು ಹೇಳುತ್ತಿದ್ದೆ.

ನನ್ನ ಯಜಮಾನರು ಜಯಪ್ರಕಾಶ್ ಬಿಟ್ಟಂಗಾಲದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಕೆಲಸದವರ ಹಾಜರಿ ಬರೆಯುವುದು, ಯಾರು ಯಾವ ಕಡೆ ಕೊಯ್ಲಿಗೆ ಹೋಗಬೇಕೆಂದು ಹೇಳುವುದು ಅವರ ಕೆಲಸ. ನಮ್ಮ ಮನೆಯ ಎದುರಿಗೇ ಕಾಫಿ ಒಣಗಿಸುವ ಕಣ. ಜನವರಿ ಬಂತೆಂದರೆ ಪಿಕ್ಕಿಂಗ್, ಕಾಫಿ ಹಣ್ಣಿನ ಕೊಯ್ಲು. ಆಗ ಎಸ್ಟೇಟಿನಲ್ಲಿ ಯಾರಿಗೂ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುವುದಿಲ್ಲ, ನನ್ನ ಇಬ್ಬರು ಮಕ್ಕಳನ್ನು ಬಿಟ್ಟು.

ಒಣಗಲು ಹರಡಿದ ಹಣ್ಣಿನ ಮೇಲೆ ಗೋಣಿಚೀಲ ಹಾಸಿ ಜಾರುತ್ತಾರೆ. ಕಾಳುಮೆಣಸು ಕೊಯ್ಯುವ ಏಣಿ ಹತ್ತಿ ಕೂತು, ಇಳಿಯಲು ಬರುವುದಿಲ್ಲ ಎಂದು ಕೂಗುತ್ತಾರೆ. ನಮ್ಮ ಅತ್ತೆ ಚಲುವಮ್ಮನವರ ಕನ್ನಡಕವನ್ನು ಕರುವಿಗೆ ಹಾಕಿ ನೋಡುತ್ತಾರೆ. ಬೈದರೆ ಅಮೃತಾ ಒಂದು ಮಾತಿಗೆ ಹತ್ತು ಮಾತು ಆಡುತ್ತಾಳೆ, ಸುಧಾ ಹತ್ತನ್ನೂ ಇನ್ನೊಮ್ಮೆ ಹೇಳುತ್ತಾಳೆ. ನನಗೆ ಸಾಕು ಸಾಕಾಗಿ ಹೋಗಿತ್ತು.

ಇದರ ಮೇಲೆ ಒಂದು ನಾಯಿಮರಿ ಬೇರೆ ಬಂತು. ಗೋಣಿಚೀಲ ಇಡುವ ಶೆಡ್ಡಿನಲ್ಲಿ ಒಂದು ನಾಯಿ ಮೂರು ಮರಿ ಹಾಕಿತ್ತು. ಅದರಲ್ಲಿ ಕಪ್ಪನೆಯ ಒಂದಕ್ಕೆ ಇವರು ರೋಬಸ್ಟ ಎಂದು ಕಾಫಿ ತಳಿಯ ಹೆಸರನ್ನೇ ಇಟ್ಟರು. ಅಪ್ಪನ ಹಾಜರಿ ಪುಸ್ತಕ ತೆಗೆದು, ಕೊನೆಯ ಸಾಲಿನಲ್ಲಿ ರೋಬಸ್ಟ ಎಂದು ಬರೆದು, ಅದಕ್ಕೆ ಅರ್ಧ ದಿನದ ಹಾಜರಿಯನ್ನೂ ಹಾಕಿದರು. ಅವತ್ತು ನಾನು ಕೈಯಲ್ಲಿದ್ದ ಪೊರಕೆ ಎತ್ತಿ ಹೇಳಿದೆ.

"ಇನ್ನೊಂದು ಸಲ ಆ ಮರಿ ಹತ್ರ ಹೋಗಿದ್ದು ಕಂಡ್ರೆ ಇಬ್ರದ್ದೂ ಕಾಲು ಮುರಿದು ಹಾಕ್ತೀನಿ, ನೋಡ್ತಿರಿ!"

ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಅದು. ಆಡಿದ್ದನ್ನು ನಾನು ಮರೆತೇಬಿಟ್ಟೆ.

ಭಾನುವಾರ ಮಧ್ಯಾಹ್ನ ಇಬ್ಬರೂ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಲ್ಲಿ ಬಿಟ್ಟ ಸದ್ದು ಕೇಳಿತು. ಅದರ ಜೊತೆಗೆ ಎರಡರ ಮಗ್ಗಿ. ಆಮೇಲೆ ಮೂರರ ಮಗ್ಗಿ, ನಾಲ್ಕರದ್ದು. ಹತ್ತರವರೆಗೆ ಹೇಳಿ ಮತ್ತೆ ಎರಡರಿಂದ ಶುರು. ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ.

"ನೋಡಿ ಅತ್ತೆ, ಕೊನೆಗೂ ಬುದ್ಧಿ ಬಂತು. ಸ್ನಾನ ಮಾಡ್ತಾ ಮಗ್ಗಿ ಹೇಳ್ತಿದ್ದಾವೆ," ಎಂದೆ.

"ಎಲ್ಲ ನನ್ನ ಮಗನ ಕಡೆ ಬುದ್ಧಿ," ಎಂದರು ಅತ್ತೆ.

ಮಕ್ಕಳು ಹೊರಗೆ ಬಂದ ಮೇಲೆ ನಾನು ಒಳಗೆ ಹೋದೆ. ಬೆಳಿಗ್ಗೆ ತಾನೇ ಬಿಚ್ಚಿದ್ದ ಹೊಸ ಸೋಪು ಕಾಣಲಿಲ್ಲ. ಹುಡುಕಿದರೆ ಬಿಸಿನೀರಿನ ಬಕೆಟ್ಟಿನ ತಳದಲ್ಲಿ ಗಂಜಿಯಾಗಿ ಕೂತಿತ್ತು. ನನ್ನ ಪಿತ್ತ ನೆತ್ತಿಗೇರಿತು. ಸೋಪಿನಿಂದ ಶುರುಮಾಡಿ ಕರುವಿನ ಕನ್ನಡಕದವರೆಗೆ ಎಲ್ಲವನ್ನೂ ಸೇರಿಸಿ ಬೈದೆ. ಅಮೃತಾ ಒಂದು ಮಾತೂ ತಿರುಗಿ ಆಡಲಿಲ್ಲ. ತಂಗಿಯ ಕೈ ಹಿಡಿದು ಸುಮ್ಮನೆ ನಿಂತಳು. ನನ್ನ ಮಾತಿಗೂ ಬೆಲೆ ಬಂತಲ್ಲ ಎಂದು ಒಳಗೊಳಗೇ ಖುಷಿಯಾಯಿತು. ಎಂಥ ದಡ್ಡಿ ನಾನು!

ಮಂಗಳವಾರ ಸಂಜೆ ನಾಲ್ಕರ ಹೊತ್ತಿಗೆ ಆಶಾ ಕಾರ್ಯಕರ್ತೆ ಯಮುನಕ್ಕ ಅತ್ತೆಯ ಬಿ.ಪಿ. ಮಾತ್ರೆ ವಿಚಾರಿಸಲು ಬಂದರು. ನನಗೆ ಗೋಳು ಹೇಳಿಕೊಳ್ಳಲು ಒಂದು ಕಿವಿ ಸಿಕ್ಕಿತು. ಮಕ್ಕಳ ಕಾಟವನ್ನೆಲ್ಲ ಹೇಳಿ, ಸೋಪಿನ ಕಥೆಗೆ ಬಂದೆ. ಯಮುನಕ್ಕ ಕಾಫಿ ಲೋಟ ಕೆಳಗಿಟ್ಟರು.

"ಮಗ್ಗಿ ಹೇಳ್ತಾ ಇದ್ರಾ? ಎಷ್ಟು ಸಲ ಹೇಳಿದ್ರು ಪವಿತ್ರಾ?"

"ಎಂತ ಗೊತ್ತಕ್ಕ, ಎರಡೋ ಮೂರೋ ಸಲ. ಯಾಕೆ?"

"ಮಕ್ಕಳೆಲ್ಲಿ? ಕರಿ ಮೊದ್ಲು."

ನಾನು ಕರೆದೆ. ಅಮೃತಾ ಬಂದಳು. ಸುಧಾ ಮಂಚದ ಕೆಳಗೆ ಸೇರಿಕೊಂಡಳು. ಯಮುನಕ್ಕ ನೆಲದ ಮೇಲೆ ಕೂತು, ಮಂಚದ ಕೆಳಗೆ ಬಗ್ಗಿ, ಮೆಲ್ಲಗೆ ಕೇಳಿದರು.

"ಸುಧಾ ಪುಟ್ಟಿ, ಯಾವ ನಾಯಿ ಕಚ್ಚಿದ್ದು?"

ಒಳಗಿನಿಂದ ಸಣ್ಣ ದನಿ ಬಂತು. "ರೋಬಸ್ಟ. ನಾವು ಅದಕ್ಕೆ ನನ್ನ ಹಳೇ ಫ್ರಾಕ್ ಹಾಕ್ತಿದ್ವಿ. ಅದಕ್ಕೆ ಇಷ್ಟ ಆಗ್ಲಿಲ್ಲ."

ಎಳೆದು ಹೊರಗೆ ತಂದು ಲೆಗ್ಗಿಂಗ್ಸ್ ಮೇಲೆತ್ತಿದೆ. ಚಳಿಗೆ ಹಾಕಿಕೋ ಎಂದು ನೂರು ಸಲ ಹೇಳಿದರೂ ಕೇಳದವಳು ಎರಡು ದಿನದಿಂದ ತಾನಾಗಿಯೇ ಹಾಕಿಕೊಂಡಿದ್ದಳು. ಮೀನಖಂಡದಲ್ಲಿ ನಾಲ್ಕು ಹಲ್ಲಿನ ಗುರುತು. ರಕ್ತ ಬಂದು ಒಣಗಿತ್ತು.

ಯಮುನಕ್ಕ ನನಗೆ ಹೇಳಿದರು. "ಹೋದ ಮಳೆಗಾಲದಲ್ಲಿ ನಾನೇ ಇವರ ಶಾಲೇಲಿ ಹೇಳಿದ್ದು. ನಾಯಿ ಕಚ್ಚಿದ್ರೆ ಕೂಡ್ಲೇ ನಲ್ಲಿ ನೀರು ಬಿಟ್ಟು ಸೋಪು ಹಾಕಿ ಹದಿನೈದು ನಿಮಿಷ ತೊಳೀಬೇಕು ಅಂತ. ಗಡಿಯಾರ ಇಲ್ದಿದ್ರೆ ಎರಡರಿಂದ ಹತ್ತರ ತನಕ ಮಗ್ಗಿ, ನಿಧಾನಕ್ಕೆ, ಮೂರು ಸಲ. ಆಮೇಲೆ ದೊಡ್ಡವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ ಅಂತಾನೂ ಹೇಳಿದ್ದೆ. ಅದೊಂದು ಯಾಕೆ ಮಾಡ್ಲಿಲ್ಲ ಅಮೃತಾ?"

ಅಮೃತಾ ನನ್ನ ಕಡೆ ನೋಡಲಿಲ್ಲ. "ಅಮ್ಮ ಕಾಲು ಮುರೀತೀನಿ ಅಂದಿದ್ಲು. ಸುಧಾಗೆ ಕಚ್ಚಿದ್ದೂ ಕಾಲಿಗೇ."

ನನಗೆ ಸಿಟ್ಟು ಬಂತು. ಮಕ್ಕಳ ಮೇಲೋ, ನಾಯಿಯ ಮೇಲೋ, ನನ್ನ ಮೇಲೋ ತಿಳಿಯಲಿಲ್ಲ. ಅಷ್ಟರಲ್ಲಿ ಅತ್ತೆ ಎಲೆಅಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ತೆಗೆದರು.

"ಇದಕ್ಕೆಲ್ಲ ಯಾಕೆ ಗಾಬರಿ? ಇನ್ನೂ ಹಾಲು ಬಿಡದ ಮರಿ ಅದು. ಅದರ ಹಲ್ಲಲ್ಲಿ ಎಂತ ವಿಷ ಇರುತ್ತೆ? ಸುಣ್ಣ ಹಚ್ಚಿದ್ರೆ ಆಯ್ತು. ಗಾಯ ಒಣಗಿದೆ ಬೇರೆ."

ಯಮುನಕ್ಕ ಅವರ ಕೈ ಹಿಡಿದರು. "ಬೇಡಮ್ಮ. ಸುಣ್ಣ, ಅರಿಶಿನ, ಖಾರದ ಪುಡಿ ಯಾವುದೂ ಹಚ್ಚಬಾರದು. ಮರಿಯಿಂದಲೂ ಹುಚ್ಚುನಾಯಿ ರೋಗ ಬರುತ್ತೆ. ಗಾಯ ಒಣಗಿತು ಅಂದ್ರೆ ವಿಷ ಹೋಯ್ತು ಅಂತಲ್ಲ. ಅದು ಒಳಗೇ ನಡೀತಾ ಇರುತ್ತೆ. ಒಂದು ತಿಂಗಳಿಗೋ, ಮೂರು ತಿಂಗಳಿಗೋ ರೋಗ ಶುರುವಾದ್ರೆ ಆಮೇಲೆ ಯಾವ ದೊಡ್ಡ ಆಸ್ಪತ್ರೆಗೆ ಹೋದ್ರೂ ಮಗು ಉಳಿಯಲ್ಲ."

"ಹಾಗಂತ ಈ ಕೂಸಿನ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸೋದಾ? ನಮ್ಮ ಕಾಲದಲ್ಲಿ ನೋಡಿದ್ದೀನಿ. ಆ ಗೋಳು ಬೇಡ."

"ಆ ಕಾಲ ಹೋಯ್ತಮ್ಮ. ಈಗ ತೋಳಿಗೆ ಹಾಕ್ತಾರೆ. ಸರ್ಕಾರಿ ಆಸ್ಪತ್ರೇಲಿ ದುಡ್ಡೂ ಇಲ್ಲ."

ನಾನು ಯಜಮಾನರಿಗೆ ಫೋನ್ ಮಾಡಿದೆ. ಹಿಂದಿನಿಂದ ಕೆಲಸದವರ ಗಲಾಟೆ ಕೇಳುತ್ತಿತ್ತು. "ಮರಿ ತಾನೇ? ಈಗ ಹಣ್ಣು ಅಳೆಯೋ ಹೊತ್ತು, ಬಿಟ್ಟು ಬರೋಕಾಗಲ್ಲ. ಭಾನುವಾರ ಕರ್ಕೊಂಡು ಹೋಗೋಣ," ಎಂದರು. ಯಮುನಕ್ಕ ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ರೈಟರೇ, ಆಗ್ಲೇ ಎರಡು ದಿನ ಹೋಗಿದೆ. ಹುಚ್ಚು ಹಿಡಿದ ನಾಯಿ ಕೆಲವೇ ದಿನದಲ್ಲಿ ಸಾಯುತ್ತೆ. ಆ ಮರಿ ಈಗ ಎಲ್ಲಿದೆ ನಿಮಗೆ ಗೊತ್ತಾ?"

ಯಜಮಾನರು ಅಲ್ಲಿದ್ದವರನ್ನು ಕೇಳಿದರು. ನಿನ್ನೆಯಿಂದ ಯಾರೂ ನೋಡಿರಲಿಲ್ಲ. ಆಮೇಲೆ, "ರಾಜುವಿನ ಆಟೊ ಕಳಿಸ್ತೀನಿ. ಹೊರಡಿ. ನಾನು ಹಿಂದೆಯೇ ಬರ್ತೀನಿ," ಎಂದರು.

ವಿರಾಜಪೇಟೆಗೆ ಹೋಗುವ ದಾರಿಯುದ್ದಕ್ಕೂ ನಾನು ಬೈಯುತ್ತಲೇ ಇದ್ದೆ. ರಸ್ತೆಯ ಗುಂಡಿಗೆ, ಆಟೊಗೆ, ನಾಯಿಗೆ, ಫ್ರಾಕಿಗೆ. ಬೈಯದಿದ್ದರೆ ಅಳು ಬಂದುಬಿಡುತ್ತಿತ್ತು. ಸುಧಾಳನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಿದ್ದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸೋಪಿನ ಕಥೆ ಕೇಳಿ ಗಾಯ ನೋಡಿದರು. "ತೊಳೆದಿದ್ದು ನೀನಾ? ಒಳ್ಳೇ ಕೆಲಸ ಮಾಡಿದ್ದೀಯ," ಎಂದು ಅಮೃತಾಳನ್ನು ಹೊಗಳಿದರು. ರಕ್ತ ಬಂದಿದ್ದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತಲೂ ಇನ್ನೊಂದು ಔಷಧಿ ಚುಚ್ಚಬೇಕು ಎಂದರು. ತಡವಾಗಿದ್ದರೂ ಬಂದದ್ದು ಒಳ್ಳೆಯದಾಯಿತು ಎಂದರು. ಆಮೇಲೆ ಸುಮ್ಮನೆ ಎನ್ನುವಂತೆ ಅಮೃತಾಳನ್ನು ಕೇಳಿದರು.

"ನಾಯಿಯನ್ನ ಬಿಡಿಸಿದ್ದು ನೀನು ತಾನೇ? ನಿನಗೆ ಏನೂ ಆಗ್ಲಿಲ್ವಾ?"

ಅಮೃತಾ ಮೊದಲು ನನ್ನ ಮುಖ ನೋಡಿದಳು. ಎಷ್ಟು ಸಿಟ್ಟಿದೆ ಎಂದು ಅಳೆದಳು. ಆಮೇಲೆ ಸ್ವೆಟರಿನ ತೋಳನ್ನು ಸ್ವಲ್ಪ ಸ್ವಲ್ಪವಾಗಿ ಮೇಲೆತ್ತಿದಳು. ಮಣಿಕಟ್ಟಿನ ಹತ್ತಿರ ಹಲ್ಲು ತರಚಿದ ಕೆಂಪು ಗೆರೆ ಇತ್ತು.

ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಡಾಕ್ಟರಮ್ಮ ಕೇಳದೇ ಇದ್ದಿದ್ದರೆ ಈ ಹುಡುಗಿ ಅದನ್ನು ಮುಚ್ಚಿಟ್ಟುಕೊಂಡೇ ಮನೆಗೆ ಬರುತ್ತಿದ್ದಳು. ತಂಗಿಯ ಗಾಯ ತೊಳೆಯುವ ಧೈರ್ಯ ಇದ್ದವಳಿಗೆ ನನ್ನ ಹತ್ತಿರ ಒಂದು ಮಾತು ಹೇಳುವ ಧೈರ್ಯ ಇರಲಿಲ್ಲ. ಅವಳಿಗೆ ನಾಯಿಯ ಭಯಕ್ಕಿಂತ ನನ್ನ ಭಯ ದೊಡ್ಡದಾಗಿತ್ತು. ನನಗೆ ಅಲ್ಲಿಯೇ ಕಣ್ಣೀರು ಬಂತು. ಅವಳನ್ನು ಎಳೆದು ಅಪ್ಪಿಕೊಂಡೆ.

ಅವಳಿಗೂ ಲಸಿಕೆ ಹಾಕಿದರು. ಸುಧಾ ಆಸ್ಪತ್ರೆ ಹಾರಿಹೋಗುವಂತೆ ಕಿರುಚಿದಳು. ಮಧ್ಯೆ ನಿಲ್ಲಿಸಿ ನರ್ಸಮ್ಮನನ್ನು ಕೇಳಿದಳು, "ಈಗ ನಾನು ನಿಮಗೆ ಕಚ್ಚಿದ್ರೆ ನಿಮಗೂ ಸೂಜಿ ಹಾಕ್ತಾರಾ?" ಅಷ್ಟೊತ್ತಿಗೆ ಬಂದು ಬಾಗಿಲಲ್ಲಿ ನಿಂತಿದ್ದ ಅವಳ ಅಪ್ಪ ತಲೆ ಚಚ್ಚಿಕೊಂಡರು.

ಅವತ್ತಿನದು ಸೇರಿ ನಾಲ್ಕು ಸಲ ಲಸಿಕೆ. ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಬರಲೇಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಮಾರನೆಯ ಬೆಳಿಗ್ಗೆ ಶೆಡ್ಡಿನ ಹಿಂದಿನ ಚರಂಡಿಯಲ್ಲಿ ರೋಬಸ್ಟ ಸತ್ತು ಬಿದ್ದಿತ್ತು. ರೋಗದಿಂದ ಸತ್ತಿತೋ, ಚಳಿಗೋ, ಯಾರಿಗೂ ಗೊತ್ತಿಲ್ಲ. ಅತ್ತೆ ಅದನ್ನು ಕಂಡು ಬಂದವರೇ, ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಮೂರು ತಾರೀಕಿಗೂ ಗುರುತು ಹಾಕಿಸಿದರು. ಅವರು ಒಪ್ಪಿದ್ದು ಹಾಗೆ.

ಮಕ್ಕಳಿಗೆ ಹೇಳುವುದು ಬೇಡ ಎಂದುಕೊಂಡೆ. ಆದರೆ ಹಿಂದಿನ ಸಂಜೆಯಷ್ಟೇ ನಾನು ಅವರಿಗೆ ಒಂದು ಮಾತು ಕೊಟ್ಟಿದ್ದೆ. ಏನಾದರೂ ಆದರೆ ಮೊದಲು ಹೇಳಬೇಕು, ಹೇಳಿದವರಿಗೆ ಬೈಗುಳವಿಲ್ಲ. ಅವರು ಮುಚ್ಚಿಡಬಾರದು ಎಂದರೆ ನಾನೂ ಮುಚ್ಚಿಡಬಾರದು. ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಅತ್ತರು. ಆಮೇಲೆ ಸುಧಾ ಮೂಗು ಒರೆಸಿಕೊಂಡು ಕೇಳಿದಳು.

"ಅದಕ್ಕೆ ಯಾರೂ ಸೂಜಿ ಹಾಕ್ಸಿರಲಿಲ್ವಾ ಅಮ್ಮ?"

ಹಾಕಿಸಿರಲಿಲ್ಲ. ಅದರ ಅಮ್ಮನಿಗೂ ಇಲ್ಲ, ಕೆಲಸದವರು ಇರುವ ಲೈನ್ ಮನೆಗಳ ನಾಯಿಗಳಿಗೂ ಇಲ್ಲ. ಯಜಮಾನರು ಪಶುವೈದ್ಯರನ್ನು ಕರೆಸಿದರು. ಒಂದು ಬೆಳಿಗ್ಗೆ ಎಸ್ಟೇಟಿನ ಎಲ್ಲ ನಾಯಿಗಳಿಗೂ ಲಸಿಕೆ ಆಯಿತು. ಅಮೃತಾ ಹಳೆಯ ನೋಟ್‌ಬುಕ್ಕಿನಲ್ಲಿ ಒಂದೊಂದರ ಹೆಸರು ಬರೆದು ಹಾಜರಿ ಹಾಕಿದಳು, ಈ ಸಲ ಪೂರ್ತಿ ದಿನದ್ದು.

ನನ್ನ ಮಕ್ಕಳು ಬದಲಾದರು ಎಂದುಕೊಳ್ಳಬೇಡಿ. ನಾಲ್ಕೂ ಸಲದ ಲಸಿಕೆ ಮುಗಿಯಿತು, ಇಬ್ಬರೂ ಗಟ್ಟಿಯಾಗಿದ್ದಾರೆ, ಮತ್ತೆ ಏಣಿ ಹತ್ತುತ್ತಿದ್ದಾರೆ. ಬೈಗುಳವಿಲ್ಲ ಎಂಬ ಮಾತು ಹಿಡಿದುಕೊಂಡು ಈಗ ದಿನಕ್ಕೆ ಇಪ್ಪತ್ತು ಸಲ ಓಡಿ ಬರುತ್ತಾರೆ. "ಅಮ್ಮ, ಮೊದಲೇ ಹೇಳ್ತಿದ್ದೀನಿ, ಬೆಲ್ಲದ ಡಬ್ಬಿ ಬಿತ್ತು." "ಅಮ್ಮ, ಮೊದಲೇ ಹೇಳ್ತಿದ್ದೀನಿ, ಅಜ್ಜಿ ಕನ್ನಡಕ ಬಾವಿಗೆ ಬಿತ್ತು." ನನ್ನ ಹಲ್ಲು ಕಡಿದು ಕಡಿದು ಸವೆದಿದೆ. ಆದರೂ ಕೇಳುತ್ತೇನೆ. ಇಂಥ ಇಪ್ಪತ್ತು ಸುದ್ದಿಯ ನಡುವೆ ಒಂದು ದಿನ ಜೀವ ಉಳಿಸುವ ಸುದ್ದಿ ಇರುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ನಾಯಿಯೋ ಬೆಕ್ಕೋ ಕಚ್ಚಿದರೆ, ಪರಚಿದರೆ, ಅದು ಮರಿಯಾಗಿರಲಿ, ಸಾಕಿದ್ದೇ ಆಗಿರಲಿ, ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಗಾಯಕ್ಕೆ ಮನೆಮದ್ದು ಹಚ್ಚಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ದಿನ ಕಳೆದಿದ್ದರೂ ಹೋಗಿ. ಚೀಟಿಯಲ್ಲಿ ಬರೆದ ಒಂದು ದಿನವನ್ನೂ ತಪ್ಪಿಸಬೇಡಿ. ನಿಮ್ಮ ನಾಯಿಗೂ ಲಸಿಕೆ ಹಾಕಿಸಿ. ಇಷ್ಟೂ ನಿಮ್ಮ ಕೈಯಲ್ಲಿದೆ, ಆದರೆ ಮಗು ನಿಮಗೆ ಹೇಳಿದರೆ ಮಾತ್ರ. ಹೇಳುವ ಹಾಗೆ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲೂ ಒಂದು ದಿನ ಹೊಸ ಸೋಪು ಕರಗಿಹೋಗಿದ್ದರೆ, ಬೈಯುವುದಕ್ಕೆ ಮುಂಚೆ ಮಗುವಿನ ಕೈಕಾಲು ನೋಡಿ. ಇಬ್ಬರಿದ್ದರೆ ಇಬ್ಬರದ್ದೂ ನೋಡಿ.