ಏನು ಬಣ್ಣ ಬಂತು

"ಲ್ಯಾಬಮ್ಮ, ನಿಮ್ಮ ಕಡೆ ಸ್ವಲ್ಪ ಎತ್ತಿ, ಬಾಗ್ಲಿಗೆ ತಗುಲ್ತಿದೆ," ಎಂದರು ಹೆಡ್‌ಮಾಸ್ಟರು.

ಲ್ಯಾಬಮ್ಮ ಬೆಂಚಿನ ತನ್ನ ತುದಿಯನ್ನು ಮೊಣಕಾಲು ಕೊಟ್ಟು ಎತ್ತಿದಳು. ಬೆಂಚು ಹೊರಗೆ ಬಂತು, ಒಳಗೆ ಜಾಗವಾಯಿತು. ಮೇಷ್ಟ್ರನ್ನು ಮಲಗಿಸಿದ್ದ ಮಂಚದ ಸುತ್ತ ಈಗ ಇಪ್ಪತ್ತು ಜನ ಆರಾಮಾಗಿ ನಿಲ್ಲಬಹುದಿತ್ತು. ನಿಂತಿದ್ದವರು ಐದೇ ಜನ.

ಮೂವತ್ತೊಂದು ವರ್ಷ ಒಂದೇ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವರು. ಪರಮಾಣು, ಅಯಾನು, ಆಮ್ಲ, ಪ್ರತ್ಯಾಮ್ಲ, ಅಷ್ಟೇ. ಅದರಾಚೆಗಿನದನ್ನು ಕಾಲೇಜಿನವರು ನೋಡಿಕೊಳ್ಳಲಿ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲ. ಮರುದಿನ ಬೆಳಗ್ಗೆ ಪೇಪರಿನವನು ಕಿಟಕಿಯಿಂದ ಕಂಡು ಪಕ್ಕದ ಮನೆಯವರನ್ನು ಕರೆದಿದ್ದ.

ದೂರದ ಊರಿಂದ ಬಂದಿದ್ದ ತಂಗಿ ಅಣ್ಣನ ತಲೆಯ ಹತ್ತಿರ ಕೂತಿದ್ದಳು. "ಫೋನ್ ಮಾಡಿದ್ರೆ ಚೆನ್ನಾಗಿದೀನಿ ಅಂತಿದ್ದ," ಎಂದಳು ಲ್ಯಾಬಮ್ಮನಿಗೆ. "ಬೇರೆ ಮಾತೇ ಇಲ್ಲ. ನಿಮ್ಮ ಹತ್ರ ಮಾತಾಡ್ತಿದ್ನಾ?"

"ಕೆಲಸದ ಮಾತು ಆಡ್ತಿದ್ರು."

"ಒಟ್ಟಿಗೆ ಕೆಲಸ ಮಾಡಿದ ಇಪ್ಪತ್ತಾರು ವರ್ಷಾನೂ?"

ಲ್ಯಾಬಮ್ಮ ಹೂವು ಸರಿಮಾಡುವ ನೆಪದಲ್ಲಿ ಬಗ್ಗಿದಳು.

ಅಷ್ಟರಲ್ಲಿ ಹಳೇ ವಿದ್ಯಾರ್ಥಿನಿಯೊಬ್ಬಳು ಬಂದಳು. ಊರಿಗೆ ಬಿಡುವ ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಕೆಲಸ ಅವಳದು. ಚಪ್ಪಲಿ ಬಿಟ್ಟು ಒಳಗೆ ಬಂದು, ಮೇಷ್ಟ್ರಿಗೆ ಕೈಮುಗಿದು, ಯಾರಿಗೆಂದಿಲ್ಲದೆ ಹೇಳಿದಳು. "ನಾವು ಇವರನ್ನ 'ಏನ್ ಬಣ್ಣ ಮೇಷ್ಟ್ರು' ಅಂತಿದ್ವಿ. ಯಾವ ಪ್ರಯೋಗ ಮಾಡಿದ್ರೂ, ಏನ್ ಬಣ್ಣ ಬಂತು, ನೀವೇ ಹೇಳಿ ಅನ್ನೋರು. ಒಂದಿನ ಇಡೀ ಕ್ಲಾಸು ಬಣ್ಣ ಬಂದಿಲ್ಲ ಅಂತು. ನಾನೊಬ್ಳೇ ಗುಲಾಬಿ ಬಂದಿದೆ ಅಂದೆ. ಎಲ್ಲ ನಕ್ಕರು. ಸಾರ್ ನಗ್ಲಿಲ್ಲ. ನೀನು ಹೇಳಿದ್ದನ್ನೇ ಬರ್ಕೋತೀನಮ್ಮ ಅಂದ್ರು. ಅವತ್ತಿಂದ ನನಗೆ ನನ್ನ ಕಣ್ಣಿನ ಮೇಲೆ ಧೈರ್ಯ ಬಂತು."

ಹೆಡ್‌ಮಾಸ್ಟರು ತಲೆದೂಗಿದರು. "ಅದೇ ಅವರ ಪಾಠದ ಗುಟ್ಟು. ತಾವು ಹೇಳ್ತಿರಲಿಲ್ಲ, ಮಕ್ಕಳ ಬಾಯಿಂದ ಹೇಳಿಸೋರು."

ಲ್ಯಾಬಮ್ಮ ಕಿಟಕಿಯ ಕಡೆಗೆ ಸರಿದು ನಿಂತಳು. ಆ ದಿನ ಅವಳಿಗೂ ನೆನಪಿತ್ತು. ಫ್ಲಾಸ್ಕಿನಲ್ಲಿ ಗುಲಾಬಿ ನಿಜವಾಗಿಯೂ ಬಂದಿತ್ತು. ಹುಡುಗಿ ಬಾಯಿ ತೆರೆಯುವ ಮೊದಲೇ ಲ್ಯಾಬಮ್ಮ ಒಮ್ಮೆ ಕೆಮ್ಮಿದ್ದಳು.

* * *

ಗಂಡ ತೀರಿಕೊಂಡ ವರ್ಷ ಅವಳು ಆ ಶಾಲೆಯ ಪ್ರಯೋಗಾಲಯಕ್ಕೆ ಅಟೆಂಡರಾಗಿ ಸೇರಿದಳು. ಗಾಜಿನ ಸಾಮಾನು ತೊಳೆಯುವುದು, ಬಾಟಲಿಗೆ ಚೀಟಿ ಅಂಟಿಸುವುದು. ಮೂರನೇ ತಿಂಗಳಲ್ಲಿ ತಪಾಸಣೆಗೆ ಬಂದ ಅಧಿಕಾರಿ, "ಮಕ್ಕಳು ಕೂತಿರಲಿ, ನೀವೇ ಒಂದು ಮಾಡಿ ತೋರಿಸಿ ನೋಡೋಣ," ಎಂದರು.

ಫ್ಲಾಸ್ಕಿನಲ್ಲಿ ಆಮ್ಲ, ಅದಕ್ಕೆರಡು ಹನಿ ಫಿನಾಫ್ತಲೀನ್ ಎಂಬ ಸೂಚಕ. ಮೇಲೆ, ತುದಿಗೆ ನಲ್ಲಿಯಿರುವ ಗಾಜಿನ ಬ್ಯುರೆಟ್ಟಿನಲ್ಲಿ ಪ್ರತ್ಯಾಮ್ಲ. ಅದನ್ನು ಹನಿಹನಿಯಾಗಿ ಬಿಡುತ್ತ ಹೋಗಬೇಕು. ಎರಡೂ ಸಮವಾದ ಮೇಲಿನ ಒಂದೇ ಒಂದು ಹನಿಗೆ ನೀರಿನಂತಿದ್ದದ್ದು ತಿಳಿ ಗುಲಾಬಿಯಾಗುತ್ತದೆ. ಆಗ ನಿಲ್ಲಿಸಬೇಕು.

ಮೇಷ್ಟ್ರು ನಲ್ಲಿ ತಿರುಗಿಸುತ್ತಿದ್ದರು. ಅವರ ಕಣ್ಣು ಫ್ಲಾಸ್ಕಿನ ಮೇಲಿರಲಿಲ್ಲ. ಎದುರು ಕೂತ ಮಕ್ಕಳ ಮುಖಗಳ ಮೇಲಿತ್ತು, ಯಾರಾದರೂ ಹೇಳಿಯಾರೇ ಎಂಬಂತೆ. ಅಧಿಕಾರಿಯ ಭಯಕ್ಕೆ ಮಕ್ಕಳು ತುಟಿ ಬಿಚ್ಚಲಿಲ್ಲ. ಮೇಷ್ಟ್ರ ಕುತ್ತಿಗೆಯಲ್ಲಿ ಬೆವರು ಇಳಿಯುವುದನ್ನು ಕಂಡಾಗ ಅವಳಿಗೆ ತಟ್ಟನೆ ಹೊಳೆಯಿತು. ಹಿಂದಿನ ವಾರ ಕೆಂಪು ಚೀಟಿಯ ಬಾಟಲಿ ಕೇಳಿ, ಅವಳು ಕೊಟ್ಟ ಹಸಿರು ಚೀಟಿಯದನ್ನು ಮರುಮಾತಿಲ್ಲದೆ ತೆಗೆದುಕೊಂಡಿದ್ದರು. ಆ ಬಣ್ಣಗಳು ಇವರಿಗೆ ಕಾಣುವುದಿಲ್ಲ.

ಫ್ಲಾಸ್ಕಿನಲ್ಲಿ ಗುಲಾಬಿ ಮೂಡಿತು. ಅವಳು ಕೆಮ್ಮಿದಳು. ನಲ್ಲಿ ನಿಂತಿತು.

"ಭೇಷ್," ಎಂದರು ಅಧಿಕಾರಿ.

ಮರುದಿನ ಅವಳು ಸಿಂಕಿನ ಮುಂದೆ ನಿಂತಿದ್ದಾಗ ಮೇಷ್ಟ್ರು ಹಿಂದೆ ಬಂದು ನಿಂತರು.

"ಕೆಮ್ಮು ಹೇಗಿದೆ?"

"ಇದೆ ಸಾರ್."

"ಅದಕ್ಕೆ ಔಷಧಿ ತಗೋಬೇಡಿ."

ಆ ವಿಷಯದಲ್ಲಿ ಅವರಿಬ್ಬರು ಆಡಿದ ಮಾತು ಅಷ್ಟೇ. ನಿವೃತ್ತಿಯಾಗುವವರೆಗೂ ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ. ಆಮೇಲಿನ ಎಂಟು ವರ್ಷದಲ್ಲಿ ಅವಳು ಎರಡು ಸಲ ಮೇಷ್ಟ್ರ ಮನೆಯ ಬೀದಿಯ ತಿರುವಿನವರೆಗೆ ಬಂದು ಹಿಂದಕ್ಕೆ ಹೋಗಿದ್ದಳು. ಏನೆಂದು ಬಾಗಿಲು ತಟ್ಟುವುದು?

* * *

ವ್ಯಾನು ಬರುವುದಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಹೆಡ್‌ಮಾಸ್ಟರು ನಾಲ್ಕು ಮಾತಾಡಿದರು. ಮಕ್ಕಳಿಗೆ ನೋಡುವುದನ್ನು ಕಲಿಸಿದ ಮೇಷ್ಟ್ರು ಎಂದರು. ಆಮೇಲೆ ಲ್ಯಾಬಮ್ಮನ ಕಡೆ ತಿರುಗಿದರು. "ನೀವೂ ಎರಡು ಮಾತು ಹೇಳಿ. ಅವರನ್ನ ಹತ್ತಿರದಿಂದ ಕಂಡವರು ನೀವೇ."

"ನನಗೆ ಮಾತು ಬರಲ್ಲ ಸಾರ್."

ನೀರು ಪರೀಕ್ಷೆಯವಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಲ್ಯಾಬಮ್ಮ, ಅವರು ಯಾವಾಗ್ಲೂ ನಮ್ಮನ್ನೇ ಯಾಕೆ ಕೇಳ್ತಿದ್ರು? ನಿಮಗೆ ಗೊತ್ತಿರಬೇಕು."

ಹೇಳಿಬಿಟ್ಟರೆ ಈ ಭಾರವನ್ನು ಹೊರಲು ಇನ್ನೊಬ್ಬರು ಸಿಕ್ಕಂತಾಗುತ್ತಿತ್ತು. ಹುಡುಗಿಯ ಮುಖ ನೋಡಿದಳು. ಅಳುವನ್ನು ತಡೆದು ಅವಳ ಮೂಗಿನ ತುದಿ ಕೆಂಪಾಗಿತ್ತು.

"ನಿಮ್ಮ ಕಣ್ಣಿನ ಮೇಲೆ ಅವರಿಗೆ ನಂಬಿಕೆ ಇತ್ತು," ಎಂದಳು ಲ್ಯಾಬಮ್ಮ.

ಸುಳ್ಳೇನಲ್ಲ.

ಎಲ್ಲವೂ ಮುಗಿದು ಸಂಜೆಗೆ ತಿರುಗಿ ಬಂದಾಗ ಮನೆಯಲ್ಲಿ ಉಳಿದವರು ತಂಗಿ ಮತ್ತು ಲ್ಯಾಬಮ್ಮ ಇಬ್ಬರೇ. ಮನೆ ಖಾಲಿ ಮಾಡಬೇಕು, ರಜೆ ಎರಡೇ ದಿನ ಎನ್ನುತ್ತ ತಂಗಿ ಬೀರು ತೆಗೆದಳು. ಹಿಂದೆಯೇ ಕರೆದಳು.

"ಇದೇನು ನೋಡಿ ಬನ್ನಿ."

ಒಂದೊಂದು ಷರ್ಟಿನ ಕಾಲರಿನೊಳಗೂ ಒಂದೊಂದು ಚೀಟಿ ಪಿನ್ನು ಮಾಡಿತ್ತು. ಬಾಟಲಿಗೆ ಅಂಟಿಸುವ ಚೀಟಿಗಳಂಥವೇ, ಮೇಷ್ಟ್ರ ದುಂಡು ಅಕ್ಷರ. ಹಸಿರು, ಅಂಗಡಿಯವನು ಹೇಳಿದ್ದು. ಕಂದು, ಪಕ್ಕದ ಮನೆಯವರು ಹೇಳಿದ್ದು. ತಂಗಿ ಒಂದೊಂದನ್ನೇ ಓದಿದಳು. "ಇಷ್ಟಕ್ಕೂ ಚೀಟಿ ಯಾಕೆ? ಕಣ್ಣಿಗೆ ಕಾಣಲ್ವಾ?" ಎಂದವಳು, ಅಲ್ಲಿಗೇ ನಿಂತು, ಮಂಚದ ಮೇಲೆ ಕೂತುಬಿಟ್ಟಳು. "ಅಯ್ಯೋ ಅಣ್ಣ."

ಲ್ಯಾಬಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಬೀರಿನ ಕೆಳಗಿನ ಅರೆಯಲ್ಲಿ ಒಂದೇ ಒಂದು ಷರ್ಟು ಬೇರೆಯಾಗಿತ್ತು. ಲ್ಯಾಬಮ್ಮನಿಗೆ ಗುರುತು ಸಿಕ್ಕಿತು. ನಿವೃತ್ತಿಯ ದಿನ ಎಲ್ಲರೂ ಹೋದ ಮೇಲೆ ಅವಳು ಕಾಗದದಲ್ಲಿ ಸುತ್ತಿ ಕೊಟ್ಟದ್ದು. ಹಾಕಿಕೊಂಡೇ ಇರಲಿಲ್ಲ. ಅಂಗಡಿಯವರು ಚುಚ್ಚಿದ್ದ ಗುಂಡುಸೂಜಿಗಳು ಇದ್ದ ಹಾಗೇ ಇದ್ದವು, ಕಾಲರಿನೊಳಗಿನ ರಟ್ಟು ಹಳದಿ ತಿರುಗಿತ್ತು. ಆ ರಟ್ಟಿನ ಮೇಲೂ ಒಂದು ಚೀಟಿ.

ಬಣ್ಣ: ಅವರನ್ನೇ ಕೇಳಬೇಕು.