ನಾಲ್ಕನೇ ಮೇಜಿನ ಹಲ್ಲು

ಊಟಕ್ಕೆ ಕೂತವರು ತಿಂದು ಮುಗಿಸಿ ಏಳುವ ತನಕ ಅವರ ತಟ್ಟೆ ಮುಟ್ಟಬಾರದು. ಚರ್ಚಿನವರು ನಡೆಸುತ್ತಿದ್ದ ಆ ಸೇವಾಕೇಂದ್ರದ ಊಟದ ಹಾಲಿಗೆ ಇದೊಂದೇ ನಿಯಮ. ಹಸಿದು ಬಂದವರಿಗೆ ‘ಬೇಗ ತಿಂದು ಜಾಗ ಖಾಲಿ ಮಾಡಿ’ ಅಂದ ಹಾಗೆ ಆಗಬಾರದಲ್ಲ, ಅದಕ್ಕೆ. ಈ ನಿಯಮವನ್ನು ದುಂಡಗೆ ಬರೆದು ಗೋಡೆಗೆ ಅಂಟಿಸಿದವರು ಟೀಚರಮ್ಮ. ಅದನ್ನು ಮುರಿದವರೂ ಅವರೇ. ಬರೆದವರಿಗೆ ನಿಯಮ ಎಲ್ಲಿ ಕಾಣಿಸುತ್ತದೆ ಹೇಳಿ? ಅದೇನಿದ್ದರೂ ಓದುವವರಿಗೆ.

ಟೀಚರಮ್ಮ ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಮನೆಯಲ್ಲಿ ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ. ವಾರಕ್ಕೆ ಐದು ದಿನ ಕೇಂದ್ರಕ್ಕೆ ಬಂದು ತರಕಾರಿ ಹೆಚ್ಚುವುದರಿಂದ ಹಿಡಿದು ಬೆಂಚು ಒರೆಸುವ ತನಕ ಎಲ್ಲಾ ಮಾಡುತ್ತಿದ್ದರು, ಬಿಡಿಗಾಸಿಗೂ ಕೈಚಾಚದೆ. ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಬಂದವರನ್ನೆಲ್ಲ ನೋಡಿ ‘ಪಾಪ, ಪಾಪ’ ಅನ್ನುತ್ತಿದ್ದರು. ಆದರೆ ಎಂಜಲು ತಟ್ಟೆಯೊಂದು ಕಣ್ಣಿಗೆ ಬಿದ್ದರೆ ಮೈಮೇಲೆ ಜಿರಲೆ ಹರಿದಂತೆ ಆಡುತ್ತಿದ್ದರು. ಅದನ್ನು ಎತ್ತುವ ತನಕ ಅವರಿಗೆ ಸಮಾಧಾನವಿರಲಿಲ್ಲ.

ಹಾಲಿನಲ್ಲಿ ಆರು ಮೇಜು. ನಾಲ್ಕನೆಯದು ಸಕ್ಕರೆಯ ಪಾಲಿನದು. ಚಹಾಕ್ಕೆ ಐದು ಚಮಚ ಸಕ್ಕರೆ ಸುರಿದುಕೊಳ್ಳುವ ಹೆಂಗಸಾದ್ದರಿಂದ ಎಲ್ಲರ ಬಾಯಲ್ಲೂ ಆ ಹೆಸರೇ ನಿಂತಿತ್ತು. ಎರಡು ವರ್ಷದ ಹಿಂದೆ ಇದೇ ಹಾಲಿಗೆ ಊಟಕ್ಕೆ ಬಂದವಳು, ಉಂಡು ಹೋಗಲು ನಾಚಿಕೆಯಾಗಿ ಮೇಜು ಒರೆಸತೊಡಗಿದವಳು, ಆಮೇಲೆ ಒರೆಸುತ್ತಲೇ ಉಳಿದಳು. ಈಗ ಅಡುಗೆಮನೆಯಲ್ಲಿ ಸಹಾಯಕಿಯ ಕೆಲಸ ಖಾಲಿಯಾಗಿತ್ತು. ಸಂಬಳದ ಕೆಲಸ, ಜೊತೆಗೆ ಮಹಡಿಯ ಮೇಲೆ ಒಂದು ಕೋಣೆ. ಸಕ್ಕರೆಗೆ ಸಂಬಳಕ್ಕಿಂತ ಆ ಕೋಣೆಯ ಮೇಲೆ ಕಣ್ಣು. ಹನ್ನೆರಡು ವರ್ಷದ ಮಗಳನ್ನು ಅಣ್ಣನ ಮನೆಯಲ್ಲಿ ಬಿಟ್ಟಿದ್ದಳು. ಆ ಹುಡುಗಿ ಅಲ್ಲಿ ಬಾಗಿಲ ಬಳಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಹಾಸಿಗೆ ಹಾಸಿಕೊಳ್ಳುತ್ತಿತ್ತು. ಕೋಣೆ ಸಿಕ್ಕರೆ ಅವತ್ತೇ ಕರೆತರುವುದು ಅಂತ ಸಕ್ಕರೆ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಳು.

ಆ ಮಂಗಳವಾರ ನಾಲ್ಕನೇ ಮೇಜಿನ ತುದಿಯಲ್ಲಿ ಮೇಸ್ತ್ರಿ ತಾತ ಕೂತಿದ್ದರು. ಗೋಡೆ ಕಟ್ಟಿ ಕಟ್ಟಿ ಬೆನ್ನು ಬಾಗಿದ ಮುದುಕ. ಕೇಂದ್ರದವರೇ ಏಳು ತಿಂಗಳು ಓಡಾಡಿ ಅವರಿಗೊಂದು ಹಲ್ಲಿನ ಸೆಟ್ಟು ಮಾಡಿಸಿಕೊಟ್ಟಿದ್ದರು. ಕೆಳಗಿನ ಸೆಟ್ಟು ಒಸಡಿಗೆ ಒತ್ತುತ್ತದೆ ಅಂತ ತಾತ ಊಟದ ನಡುವೆ ಅದನ್ನು ತೆಗೆದು, ಟಿಶ್ಯೂ ಪೇಪರಿನಲ್ಲಿ ಸುತ್ತಿ, ತಟ್ಟೆಯ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಹಲ್ಲು ಮಾಡಿಸಿಕೊಂಡಿದ್ದು ಊಟಕ್ಕೋ ಫೋಟೋಗೋ ಅಂತ ಅಡುಗೆಯವನು ರೇಗಿಸುತ್ತಿದ್ದ.

ತಾತ ಇನ್ನೊಂದು ಸುತ್ತು ಸೂಪು ಹಾಕಿಸಿಕೊಳ್ಳಲು ಎದ್ದು ಹೋದರು. ಸಕ್ಕರೆ ಬಟ್ಟೆ ಹಿಂಡಲು ಹಿತ್ತಲಿಗೆ ಹೋಗಿದ್ದಳು. ಟೀಚರಮ್ಮನ ಕಣ್ಣಿಗೆ ಬಿದ್ದದ್ದು ಖಾಲಿ ಕುರ್ಚಿ, ಎಂಜಲು ತಟ್ಟೆ, ಮುದ್ದೆಯಾದ ಒಂದು ಟಿಶ್ಯೂ. ಅಷ್ಟೇ ಸಾಕಾಯಿತು. ತಟ್ಟೆಯನ್ನು ಎತ್ತಿ, ಟಿಶ್ಯೂವನ್ನು ಅದರೊಳಕ್ಕೆ ತಳ್ಳಿ, ಎಲ್ಲವನ್ನೂ ಕಸದ ಚೀಲಕ್ಕೆ ಬಗ್ಗಿಸಿದರು. ಬೆರಳಿಗೆ ಗಟ್ಟಿಯಾಗಿ ಏನೋ ತಗುಲಿತ್ತು. ಬ್ರೆಡ್ಡಿನ ತುದಿ ಇರಬೇಕು ಅಂದುಕೊಂಡರು.

ತಾತ ಸೂಪು ಹಿಡಿದು ಬಂದು ಕುರ್ಚಿಯ ಕೆಳಗೆ, ಮೇಜಿನ ಕೆಳಗೆ, ಕೊನೆಗೆ ಅಂಗಿಯ ಜೇಬಿನಲ್ಲೂ ಹುಡುಕಿ ಬಾಯಿ ಬಿಡುವ ಹೊತ್ತಿಗೆ ಕಸದ ಲಾರಿ ಬಂದು ಹೋಗಿಯಾಗಿತ್ತು.

“ನನ್ ಹಲ್ಲು! ಇಲ್ಲೇ ಇಟ್ಟಿದ್ದೆ. ಯಾರೋ ಎತ್ತಿಬಿಟ್ಟವ್ರೆ!”

ಹಾಲಿನಲ್ಲಿ ಮೊದಲು ನಗು, ಆಮೇಲೆ ಗುಸುಗುಸು. ಪಾಸ್ಟರಮ್ಮ, ಅಂದರೆ ಪಾಸ್ಟರ್ ಹೆಂಡತಿ, ಕೇಂದ್ರದ ಹೊಣೆ ಹೊತ್ತವರು, ಕೈ ಒರೆಸಿಕೊಳ್ಳುತ್ತಾ ಬಂದರು. “ನಾಲ್ಕನೇ ಮೇಜು ಯಾರದು?”

“ನಂದು,” ಎಂದಳು ಸಕ್ಕರೆ. ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಎಲ್ಲರೂ ಅವಳನ್ನೇ ನೋಡಿದರು. ದಿನಕ್ಕೆ ನಲವತ್ತು ತಟ್ಟೆ ಎತ್ತುವ ಕೈ. ಯಾವುದನ್ನು ಎತ್ತಿತು, ಯಾವುದನ್ನು ಬಿಟ್ಟಿತು ಅಂತ ಯಾರಿಗೆ ನೆನಪಿರುತ್ತದೆ? ಅವಳ ಮುಖ ಸಣ್ಣದಾಯಿತು. “ನಾನೇ ಎತ್ತಿರ್ಬೇಕು ಅಮ್ಮಾ. ನನ್ ಕೈಯೇ ಹಿಂಗೆ. ಚಿಕ್ಕೋಳಿದ್ದಾಗ್ಲಿಂದ ಏನಾದ್ರೂ ಒಂದು ಹಾಳು ಮಾಡ್ತಾನೇ ಇರ್ತೀನಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಆದದ್ದೇ ಬೇರೆ. ಕದಿಯದವಳು ಹೆಗಲು ಮುಟ್ಟಿಕೊಂಡಳು. ಕುಂಬಳಕಾಯಿ ಎತ್ತಿದವರು ಕೈಕಟ್ಟಿ ನಿಂತರು. ಟೀಚರಮ್ಮನ ಬೆರಳಿಗೆ ಆ ಗಟ್ಟಿ ವಸ್ತು ಮತ್ತೆ ತಗುಲಿದಂತಾಯಿತು. ‘ನಾನು’ ಅನ್ನುವ ಎರಡಕ್ಷರ ಗಂಟಲ ತನಕ ಬಂತು. ಗೋಡೆಯ ಮೇಲೆ ಅವರದೇ ದುಂಡಕ್ಷರ ಕಾಣುತ್ತಿತ್ತು. ಮಾತು ಹಾಗೇ ಒಳಗಿಳಿಯಿತು. ಆಮೇಲೆ ಪಾಸ್ಟರಮ್ಮ ಒಬ್ಬರಿಗೇ ಹೇಳಿದರಾಯಿತು ಅಂದುಕೊಂಡು ಅವರು ಸುಮ್ಮನಾದರು.

ಆ ‘ಆಮೇಲೆ’ ಅನ್ನುವುದು ಬಂದರೆ ತಾನೇ! ಬುಧವಾರ ಪಾಸ್ಟರಮ್ಮ ಗಡಿಬಿಡಿಯಲ್ಲಿದ್ದರು. ಗುರುವಾರ ಟೀಚರಮ್ಮನಿಗೇ ತಲೆನೋವು. ಮನೆಯಲ್ಲಿ ಯಜಮಾನರಿಗೆ ವಿಷಯ ಹೇಳಿದರೆ ಅವರು ಪೇಪರಿನಿಂದ ತಲೆಯೆತ್ತದೆ, “ಅಯ್ಯೋ, ಬಿಡೇ. ಆಗಿದ್ದು ಆಗೋಯ್ತು. ಈಗ ಹೇಳಿದ್ರೆ ಉದುರಿದ ಹಲ್ಲು ಬಾಯಿಗೆ ಬಂದು ಕೂರುತ್ತಾ?” ಎಂದರು. ಹಿತವಾದ ಮಾತು ಅಂತ ಟೀಚರಮ್ಮ ಅದನ್ನೇ ನಂಬಿದರು. ನಂಬಿದರೂ ಅವತ್ತು ತುತ್ತು ಒಳಗಿಳಿಯಲಿಲ್ಲ.

ಇತ್ತ ಸಕ್ಕರೆ ತನ್ನದಲ್ಲದ ತಪ್ಪಿಗೆ ತಾನೇ ಶಿಕ್ಷೆ ಹಾಕಿಕೊಂಡಿದ್ದಳು. ದಿನಾ ತಾತನ ಪಾಲಿನ ಊಟವನ್ನು ಬೇರೆ ತೆಗೆದು, ಮೆತ್ತಗೆ ಬೇಯಿಸಿ, ಮಸೆದು ಮಸೆದು ಗಂಟಿಲ್ಲದ ಹಾಗೆ ಮಾಡಿ ತಂದಿಡುತ್ತಿದ್ದಳು. ತಾತ ಉಣ್ಣುವ ತನಕ ಎದುರಿಗೆ ಕೂರುತ್ತಿದ್ದಳು.

“ನಂಗೆ ಬೈದ್ಬಿಡಿ ತಾತ. ಬೈದ್ರೆ ಹಗುರ ಆಗುತ್ತೆ.”

“ಬಡವನ ಸಿಟ್ಟು ದವಡೆಗೆ ಮೂಲ ಅಂತಾರೆ. ದವಡೆನೇ ಹೋಯ್ತಲ್ಲವ್ವ, ಇನ್ ಸಿಟ್ಟು ಮಾಡ್ಕೊಂಡು ಎಲ್ಲಿ ಇಡ್ಲಿ?” ಎಂದು ತಾತ ಅರ್ಧ ಬೊಚ್ಚಾದ ಬಾಯಿ ತೆರೆದು ನಕ್ಕರು. ಸಕ್ಕರೆಯೂ ನಕ್ಕಳು, ಕಣ್ಣು ಒರೆಸಿಕೊಂಡಳು. ಎರಡು ಮೇಜಿನಾಚೆ ಲೋಟ ಜೋಡಿಸುತ್ತಿದ್ದ ಟೀಚರಮ್ಮ ಇದನ್ನೆಲ್ಲ ಕೇಳಿಸಿಕೊಂಡರು. ಒಂದು ಲೋಟ ಜಾರಿ ಬಿದ್ದು ಉರುಳಿತು. ಥೂ, ನನ್ನ ಜನ್ಮಕ್ಕಿಷ್ಟು, ಎಂದು ಮನಸ್ಸಿನಲ್ಲೇ ಬೈದುಕೊಂಡು ಅದನ್ನು ಎತ್ತಿಟ್ಟರು.

ಶನಿವಾರ ಕಮಿಟಿಯ ಐದು ಜನ ಆಫೀಸಿನ ಕೋಣೆಯಲ್ಲಿ ಸೇರಿದರು. ಟೀಚರಮ್ಮನೂ ಅದರಲ್ಲೊಬ್ಬರು. ಸಹಾಯಕಿಯ ಕೆಲಸಕ್ಕೆ ಇಬ್ಬರ ಹೆಸರಿತ್ತು: ಒಂದು ಸಕ್ಕರೆಯದು, ಇನ್ನೊಂದು ಹೊಲಿಗೆ ಬಿಟ್ಟು ಬಂದ ಒಬ್ಬ ವಿಧವೆಯದು. “ಸಕ್ಕರೆನೇ ಅಂತ ನನ್ನ ಮನಸ್ಸಲ್ಲಿತ್ತು,” ಎಂದರು ಪಾಸ್ಟರಮ್ಮ. “ಆದ್ರೆ ಈ ಹಲ್ಲಿನ ಕಥೆ ಆದ್ಮೇಲೆ ಸ್ವಲ್ಪ ಯೋಚನೆ. ಅಡುಗೆಮನೆ ಅಂದ್ರೆ ಗ್ಯಾಸು, ಬೆಂಕಿ, ಚಾಕು. ಟೀಚರಮ್ಮ, ನೀವು ದಿನಾ ಅವಳ ಜೊತೆ ಕೆಲಸ ಮಾಡೋರು. ನೀವೇ ಹೇಳಿ. ಜಾಗ್ರತೆ ಇದೆಯಾ ಅವಳಿಗೆ?”

ನಾಲ್ಕು ಜೊತೆ ಕಣ್ಣು ಟೀಚರಮ್ಮನ ಮೇಲೆ. ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಸಿಗುತ್ತಿರಲಿಲ್ಲ. ಬಾಯಿ ತೆರೆದರು. ಅಭ್ಯಾಸಬಲ ನೋಡಿ, ಬಾಯಿಂದ ಬಿದ್ದದ್ದು ಒಂದೇ ಮಾತು.

“ಪಾಪ...”

ಅಷ್ಟೇ. ಮುಂದಕ್ಕೆ ಮಾತು ಹೊರಡಲಿಲ್ಲ. ಟೀಚರಮ್ಮ ಹೇಳಹೊರಟದ್ದು ತಮ್ಮ ಪಾಪವನ್ನೋ, ಸಕ್ಕರೆಯ ಮೇಲಿನ ಕನಿಕರವನ್ನೋ, ಅವರಿಗೇ ತಿಳಿಯಲಿಲ್ಲ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು. ಕಮಿಟಿಯವರಿಗೆ ಕೇಳಿಸಿದ್ದು ಕನಿಕರ. ‘ಪಾಪ, ಏನು ಮಾಡುವುದು, ಅವಳ ಕೈಲಾಗುವುದು ಅಷ್ಟೇ’ ಅನ್ನುವ ಕನಿಕರ. ಪಾಸ್ಟರಮ್ಮ ನಿಟ್ಟುಸಿರು ಬಿಟ್ಟು, “ಹ್ಞೂ, ಪಾಪವೇ,” ಎಂದು ಇನ್ನೊಬ್ಬಳ ಹೆಸರಿನ ಮುಂದೆ ಗುರುತು ಹಾಕಿದರು. ಟೀಚರಮ್ಮ ನೀರು ಕುಡಿದು ಲೋಟ ಕೆಳಗಿಟ್ಟರು.

ಭಾನುವಾರ ಆರಾಧನೆಯಲ್ಲಿ ಎಲ್ಲರೂ ತಲೆಬಾಗಿಸಿ ತಪ್ಪೊಪ್ಪಿಗೆಯ ಪ್ರಾರ್ಥನೆ ಹೇಳುವಾಗ ಟೀಚರಮ್ಮನಿಗೆ ಕಣ್ಣು ಮುಚ್ಚಲು ಆಗಲಿಲ್ಲ. ಎಲ್ಲರೊಂದಿಗೆ ಸೇರಿ ಗಟ್ಟಿಯಾಗಿ ಹೇಳುವ ತಪ್ಪೊಪ್ಪಿಗೆ ಎಷ್ಟು ಸುಲಭ! ಯಾರ ತಪ್ಪು ಯಾವುದು ಅಂತ ಯಾರೂ ಕೇಳುವುದಿಲ್ಲ. ಮಧ್ಯದಲ್ಲೇ ಎದ್ದು, ಸಾಲಿನವರ ಕಾಲು ತುಳಿಯುತ್ತಾ ಹೊರಬಂದು, ಪಾಸ್ಟರಮ್ಮ ಹೊರಬರುವ ತನಕ ಬಾಗಿಲಲ್ಲೇ ಕಾದರು. ಬಂದ ತಕ್ಷಣ ಉಸಿರು ಬಿಡದೆ ಎಲ್ಲವನ್ನೂ ಹೇಳಿದರು.

ಪಾಸ್ಟರಮ್ಮ ಮೆಲ್ಲಗೆ, “ಕೆಲಸ ಸಿಕ್ಕ ಆ ಹೆಂಗಸು ನಿನ್ನೆ ಸಂಜೆನೇ ಪೆಟ್ಟಿಗೆ ಸಮೇತ ಬಂದಿದಾಳೆ ಟೀಚರಮ್ಮ,” ಎಂದರು. “ಇದ್ದ ಬಾಡಿಗೆ ಮನೆ ಬಿಟ್ಟೇ ಬಂದಿರೋದು. ಈಗ ಅವಳನ್ನ ಎಲ್ಲಿಗೆ ಕಳಿಸ್ಲಿ? ನೀವು ಶನಿವಾರ ಒಂದು ಮಾತು ಹೇಳಿದ್ದಿದ್ರೆ...” ಅಲ್ಲಿಗೇ ನಿಲ್ಲಿಸಿದರು. ಕಮಿಟಿಗೆ ತಾವೇ ತಿಳಿಸುವುದಾಗಿಯೂ, ಸಕ್ಕರೆಗೆ ಮಾತ್ರ ಟೀಚರಮ್ಮನೇ ಹೇಳಬೇಕೆಂದೂ ಹೇಳಿ ಒಳಗೆ ಹೋದರು.

ಸೋಮವಾರ ಊಟದ ಹಾಲು ತೆರೆಯುವ ಮೊದಲೇ ಟೀಚರಮ್ಮ ಬಂದರು. ಸಕ್ಕರೆ ಕುರ್ಚಿಗಳನ್ನು ಮೇಜಿನಿಂದ ಇಳಿಸುತ್ತಿದ್ದಳು. ಕೆಲಸ ಸಿಗದಿದ್ದರೂ ಎಂದಿನ ಹೊತ್ತಿಗೇ ಬಂದಿದ್ದಳು.

“ಆ ಹಲ್ಲು ಎತ್ತಿದ್ದು ನೀನಲ್ಲ, ನಾನು,” ಎಂದರು ಟೀಚರಮ್ಮ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೇರೆ ಮಾತೆಲ್ಲ ಮರೆತೇಹೋಗಿತ್ತು. “ನೀನು ಹಿತ್ತಲಲ್ಲಿದ್ದೆ. ನಾನೇ ಎತ್ತಿ ಕಸಕ್ಕೆ ಹಾಕಿದೆ. ಆಗ್ಲೇ ನಂಗೆ ಗೊತ್ತಾಯ್ತು. ಗೊತ್ತಾಗೂ ಸುಮ್ನಿದ್ದೆ.”

ಸಕ್ಕರೆ ಎತ್ತಿದ ಕುರ್ಚಿಯನ್ನು ಹಾಗೇ ಹಿಡಿದು ನಿಂತಳು. “ನಾನಲ್ವಾ?”

“ಅಲ್ಲ.”

“ನಾನು ಎತ್ತೇ ಇಲ್ವಾ?” ಅವಳ ಮುಖದಲ್ಲಿ ನಗು ಮೂಡಿತು, ನಿಜವಾದ ನಗು. ಟೀಚರಮ್ಮ ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದರು. ಈ ನಗುವಿಗೆ ಸಿದ್ಧವಾಗಿರಲಿಲ್ಲ. ಆದರೆ ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಕುರ್ಚಿ ಕೆಳಗಿಳಿಯಿತು.

“ಆರು ದಿನ,” ಎಂದಳು. “ನಾನು ಆ ತಾತನ ಮುಂದೆ ಕೂತು ಅಳ್ತಿದ್ದಾಗ ನೀವು ಅಲ್ಲೇ ಲೋಟ ಜೋಡಿಸ್ತಿದ್ರಿ ಅಲ್ವಾ?”

“ಹೌದು.”

“ಕೋಣೆ ಹೋಯ್ತು. ಅದು ಹೋಗ್ಲಿ, ಅದು ಸಿಕ್ಕೋಳೂ ನನ್ ಥರದೋಳೇ.” ಸಕ್ಕರೆಯ ದನಿ ಏರಲಿಲ್ಲ, ಬಹುವಚನವನ್ನೂ ಬಿಡಲಿಲ್ಲ. ಟೀಚರಮ್ಮನಿಗೆ ಅದೇ ಹೆಚ್ಚು ಚುಚ್ಚಿತು. “ಮಗಳಿಗೆ ಫೋನ್ ಮಾಡಿ ಏನಂತ ಹೇಳಿದೀನಿ ಗೊತ್ತಾ? ಅಮ್ಮ ಒಬ್ಬ ಮುದುಕನ ಹಲ್ಲು ಕಸಕ್ಕೆ ಹಾಕ್ಬಿಟ್ಳು ಕಣೇ, ಅದಕ್ಕೆ ಕೋಣೆ ಕೊಡ್ಲಿಲ್ಲ ಅಂತ. ಅವಳೇನಂದ್ಲು ಗೊತ್ತಾ? ‘ನೀನು ಯಾವಾಗ್ಲೂ ಹಿಂಗೇ ಅಮ್ಮ’ ಅಂದ್ಲು.”

“ನನ್ನನ್ನ ಕ್ಷಮಿಸು.”

“ನಂಗೆ ಹೇಳ್ಬೇಡಿ.” ಸಕ್ಕರೆ ಚೀಲದಿಂದ ಫೋನು ತೆಗೆದು ನಂಬರು ಒತ್ತಿ ಚಾಚಿದಳು. “ಅವಳಿಗೆ ಹೇಳಿ. ಈಗಿನ್ನೂ ಸ್ಕೂಲಿಗೆ ಹೊರಟಿರಲ್ಲ.”

ಟೀಚರಮ್ಮ ಫೋನು ಕಿವಿಗಿಟ್ಟರು. ಅತ್ತ ಕಡೆ ಯಾರೋ ಪಾತ್ರೆ ಬಡಿಯುವ ಸದ್ದು, ಆಮೇಲೆ ಹುಡುಗಿಯ ದನಿ. ಟೀಚರಮ್ಮ ತಾವು ಯಾರೆಂದು ಹೇಳಿದರು. ಏನಾಯಿತೆಂದು ಹೇಳಿದರು. ಯಾವುದನ್ನೂ ಮುಚ್ಚಿಡಲಿಲ್ಲ.

“ಹಂಗಾದ್ರೆ ನಮ್ಮಮ್ಮ ಏನೂ ಮಾಡಿಲ್ವಾ?”

“ಏನೂ ಮಾಡಿಲ್ಲ ಮಗು. ಎಲ್ಲಾ ನಾನೇ ಮಾಡಿದ್ದು.”

“ಮತ್ತೆ ನೀವು ಅವತ್ತೇ ಯಾಕೆ ಹೇಳ್ಲಿಲ್ಲ?”

ಮೂವತ್ತೊಂದು ವರ್ಷ ಇದೇ ಪ್ರಶ್ನೆಯನ್ನು ಟೀಚರಮ್ಮ ಎಷ್ಟು ಮಕ್ಕಳಿಗೆ ಕೇಳಿದ್ದರೋ. ತಲೆ ತಗ್ಗಿಸಿ, ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ಆ ಮಕ್ಕಳು ಕೊಡುತ್ತಿದ್ದ ಉತ್ತರವೇ ಅವರಿಗೂ ಉಳಿದಿತ್ತು.

“ಹೆದ್ರಿಕೆ ಆಯ್ತು.”

“ಫೋನ್ ಅಮ್ಮಂಗೆ ಕೊಡಿ,” ಎಂದಿತು ಹುಡುಗಿ.

ಸಕ್ಕರೆ ಫೋನು ಇಸಿದುಕೊಂಡು ಟೀಚರಮ್ಮನಿಗೆ ಬೆನ್ನು ಮಾಡಿ ಕಿಟಕಿಯ ಕಡೆಗೆ ನಡೆದಳು. ಹೋಗಿ ಅಂತಲೂ ಹೇಳಲಿಲ್ಲ, ಇರಿ ಅಂತಲೂ ಹೇಳಲಿಲ್ಲ. ಟೀಚರಮ್ಮ ಅರ್ಧ ಇಳಿಸಿದ್ದ ಕುರ್ಚಿಗಳ ನಡುವೆ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತರು.

“ಹ್ಞೂ ಕಣೇ, ಕೇಳಿಸ್ಕೊಂಡ್ಯಾ?” ಎನ್ನುತ್ತಿದ್ದಳು ಸಕ್ಕರೆ, ಅಳುತ್ತಾ. “ನಾನಲ್ಲ. ನಾನಲ್ವಂತೆ ಕಣೇ.”