ತಳಸ್ವರ ಬಿಟ್ಟ ಎಡಗೈ

ಅಭ್ಯಾಸಕ್ಕೆ ಬಂದ ಹೊಸಬನ ಸ್ಯಾಕ್ಸೋಫೋನು ಹಾಡಿನ ಕೊನೆಯ ಸಾಲಿನಲ್ಲಿ ಎಂದಿನ ದಾರಿ ಬಿಟ್ಟು ಪಕ್ಕದ ಸ್ವರಕ್ಕೆ ಹೊರಳಿತು. ಪಿಯಾನೋ ಮುಂದೆ ಕೂತಿದ್ದ ಅಕ್ಕ ತಟ್ಟನೆ ಅವನತ್ತ ತಿರುಗಿದಳು. ಆ ಹೊರಳು ಅವಳ ತಮ್ಮನದು. ಮನೆಯಲ್ಲಿ ಅವರಿಬ್ಬರೇ ಇದ್ದಾಗ ಮಾತ್ರ ಅದನ್ನು ನುಡಿಸುತ್ತಿದ್ದ. ವೇದಿಕೆಯ ಮೇಲೆ ಒಮ್ಮೆಯೂ ಇಲ್ಲ. ದೇವರು ಅವನನ್ನು ಕರೆದುಕೊಂಡಾಗ ಅದೂ ಹೋಯಿತೆಂದು ಅವಳು ನಂಬಿದ್ದಳು.

"ಎಲ್ಲಿ ಕಲಿತ್ರಿ ಇದನ್ನ?"

"ಎಲ್ಲೂ ಇಲ್ಲ ಅಕ್ಕಾ. ಈಗಷ್ಟೇ ಬಂತು."

"ತಾನಾಗೇ ಬರೋಕೆ ಅದೇನು ಸೀನೋ ಆಕಳಿಕೆಯೋ?"

ಡ್ರಮ್ಮಿನವನು ನಕ್ಕ. "ಬಂದ ಒಬ್ಬರನ್ನೂ ಓಡಿಸ್ಬೇಡ ಅಕ್ಕಾ. ತಮ್ಮನ ಕುರ್ಚಿ ಎಷ್ಟು ದಿನ ಅಂತ ಖಾಲಿ ಇಡ್ತೀಯ?"

ಅವಳ ಕಣ್ಣು ಹೊಸಬನ ಮೇಲೆಯೇ ಇತ್ತು. ಸಾವಿನ ಮನೆಗೆ ಊರೆಲ್ಲ ಬಂದು ಹೋಗಿತ್ತು. ಮನೆಯಲ್ಲಿ ತಮ್ಮ ನುಡಿಸಿದ್ದನ್ನು ತುಂಬಿಟ್ಟ ಕ್ಯಾಸೆಟ್ಟುಗಳ ಕಪಾಟಿಗೆ ಬೀಗವಿರಲಿಲ್ಲ. ಕನ್ನಡಕದಂಗಡಿ ನಡೆಸುವ ಈ ಹೊಸಬನೂ ಆ ಗುಂಪಿನಲ್ಲಿದ್ದನೇ? ಸತ್ತವನ ಸ್ವರ ಕದ್ದು, ಅವನದೇ ಕುರ್ಚಿಗೆ ಬಂದನೇ? ಹಾಗಿದ್ದರೆ ಇವತ್ತೇ ಬಾಗಿಲು ತೋರಿಸಬೇಕು.

ಬಾಯಿಪಾಠ ಮಾಡಿದವನು ಕೆಳಗೆ ಪಿಯಾನೋದಲ್ಲಿ ಯಾವ ಕಾರ್ಡು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು, ಬಂದರೂ ಕಲಿತದ್ದನ್ನೇ ಒಪ್ಪಿಸುತ್ತಾನೆ. ಹಾಗೆಂದುಕೊಂಡು ಅವಳು ಹಾಡನ್ನು ಮತ್ತೆ ಎತ್ತಿದಳು. ಆ ಜಾಗ ಬಂದಾಗ, ತಾನು ಎಂದೂ ಒತ್ತದ, ಕಾರ್ಡಿನ ಬುಡದ ತಳಸ್ವರವನ್ನು ಎಡಗೈಯ ಕಿರುಬೆರಳಿನಿಂದ ಗಟ್ಟಿಯಾಗಿ ಒತ್ತಿದಳು. ಅವನು ಹೊರಳಲಿಲ್ಲ, ನೇರವಾಗಿ ಹೋದ. ಕಳ್ಳ ಜಾಣನೇ ಇರಬೇಕು! ಮುಂದಿನ ಸುತ್ತಿನಲ್ಲಿ ಎಂದಿನಂತೆ ನುಡಿಸಿದಳು. ಹೊರಳಿದ.

ಅವಳು ಕೈ ಎತ್ತಿಬಿಟ್ಟಳು. "ಆಗ ಇಲ್ಲದ್ದು ಈಗ ಹೇಗೆ ಬಂತು? ನಿಜ ಹೇಳಿ."

ಅವನು ತಬ್ಬಿಬ್ಬಾದ. "ಆಗ ನೀವು ತಳಸ್ವರ ಒತ್ತಿದ್ರಿ. ಈಗ ನಡುವಿನ ಎರಡೇ ಹಿಡಿದ್ರಿ. ಆ ಎರಡು ಸ್ವರ ಇನ್ನೊಂದು ಕಾರ್ಡಿನಲ್ಲೂ ಇವೆಯಲ್ಲ? ತಳ ಹಿಡಿಯೋಕೆ ಬೇಸ್ ಗಿಟಾರಿನವರೂ ಇವತ್ತು ಬಂದಿಲ್ಲ. ಎರಡು ಮನೆ ಬಾಗಿಲೂ ತೆಗೆದಿತ್ತು, ಪಕ್ಕದ ಮನೆಗೆ ಹೋದೆ. ತಪ್ಪಾಯ್ತಾ ಅಕ್ಕಾ?"

ಅಕ್ಕ ತನ್ನ ಎಡಗೈಯನ್ನು ನೋಡಿಕೊಂಡಳು. ವೇದಿಕೆಯ ಮೇಲೆ ಬೇಸು ಆ ತಳಸ್ವರವನ್ನು ಎಂದೂ ಬಿಟ್ಟಿರಲಿಲ್ಲ. ಮನೆಯಲ್ಲಿ ಬೇಸೆಲ್ಲಿತ್ತು? ಇದ್ದದ್ದು ತಳಸ್ವರ ಬಿಡುವ ಈ ಕೈ ಒಂದೇ. ತಮ್ಮ ಅಷ್ಟು ವರ್ಷ ಕಿವಿಗೊಟ್ಟು ಹೊರಳುತ್ತಿದ್ದದ್ದು ಇದಕ್ಕೇ. ಅದನ್ನು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

"ಏನಕ್ಕಾ, ಇವರನ್ನ ಕಳಿಸೋದಾ?" ಎಂದ ಡ್ರಮ್ಮಿನವನು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬೇಸಿನವನಿಗೆ ಹೇಳು, ಕಾರ್ಯಕ್ರಮದ ದಿನ ಆ ಒಂದು ಜಾಗದಲ್ಲಿ ಕೈ ಕಟ್ಟಿಕೊಂಡು ಸುಮ್ನೆ ನಿಂತ್ಕೋಬೇಕು ಅಂತ."